ನೆನೆಹಾಕಿದ ಪ್ರಶ್ನೆ

ಟಿಕ್, ಟಿಕ್ — ಇದು ಪೆನ್ನು, ಅವಳದೇ, ಆಮೇಲೆ ಕುರ್ಚಿ ಕಿರ್ ಅಂದಿತು, ಅದೂ ಅವಳದೇ, ಎದುರಿಗೆ ಕೂತವನ ಕುರ್ಚಿ ಮೂವತ್ತೆಂಟು ನಿಮಿಷದಲ್ಲಿ ಒಂದು ಸಲವೂ ಸದ್ದು ಮಾಡಿಲ್ಲ, ಅಷ್ಟು ಅಲ್ಲಾಡದೆ ಕೂತಿದ್ದಾನೆ ಪುಣ್ಯಾತ್ಮ, ಪ್ರಶ್ನೆ ಕೇಳುವ ನಮ್ಮ ಹುಡುಗಿಗೆ ಮಾತ್ರ ಕೈಕಾಲು ಒಂದು ಕಡೆ ನಿಲ್ಲುವುದಿಲ್ಲ, ಎಷ್ಟು ಸಲ ಹೇಳಿದ್ದೇನೆ, ಮೇಡಂ, ನಿಮ್ಮ ಪೆನ್ನು ನನ್ನ ಕಿವಿಯೊಳಗೆ ಕೂತು ಕುಟ್ಟುತ್ತೆ ಅಂತ, ಸಾರಿ ಟೈಪಿಂಗ್ ಅಕ್ಕ ಅನ್ನುತ್ತಾಳೆ, ನಾಲಿಗೆ ಕಚ್ಚಿಕೊಳ್ಳುತ್ತಾಳೆ, ಮುಂದಿನ ರೆಕಾರ್ಡಿಂಗಿನಲ್ಲಿ ಮತ್ತೆ ಟಿಕ್ ಟಿಕ್ — ಪೆಡಲ್ ಒತ್ತಿದೆ, ಐದು ಸೆಕೆಂಡು ಹಿಂದಕ್ಕೆ, ಇಪ್ಪತ್ತಾರು ವರ್ಷದಿಂದ ನನ್ನ ಬಲಗಾಲು ಮಾಡುತ್ತಿರುವುದು ಇಷ್ಟೇ, ಯಾರೋ ಕೇಳಿದ್ದನ್ನು ಯಾರೋ ಹೇಳಿದ್ದನ್ನು ಹಿಂದಕ್ಕೆ ತಳ್ಳಿ ಮುಂದಕ್ಕೆ ಎಳೆದು ಅಕ್ಷರ ಮಾಡುವುದು, ಮೊದಲು ಕ್ಯಾಸೆಟ್ಟು, ಟೇಪು ಸಿಕ್ಕುಬಿದ್ದರೆ ಪೆನ್ಸಿಲ್ ತೂರಿಸಿ ತಿರುಗಿಸುತ್ತ ಕೂರುತ್ತಿದ್ದೆ, ಆ ಸುಖ ಈಗಿಲ್ಲ, ಈಗ ಪರದೆಯ ಮೇಲೆ ಒಂದು ಹಸಿರು ಗೆರೆ, ಮಾತಿದ್ದಲ್ಲಿ ಉಬ್ಬುತ್ತದೆ, ಮಾತಿಲ್ಲದಲ್ಲಿ ದಾರದಷ್ಟು ತೆಳ್ಳಗಾಗುತ್ತದೆ, ಹೊಲಿಗೆ ದಾರ, ಅಪ್ಪ ಮೇಣ ಸವರಿ ಎಳೆಯುತ್ತಿದ್ದನಲ್ಲ, ಆ ದಾರ — ಇರಲಿ, ಪಟ್ಟಿಯ ಈ ಹನ್ನೊಂದನೆಯವನ ಗೆರೆ ಮುಕ್ಕಾಲು ಪಾಲು ದಾರವೇ, ಅಲ್ಲೊಂದು ಇಲ್ಲೊಂದು ಗಂಟು, ಅಷ್ಟೇ ಅವನ ಮಾತು. ಹನ್ನೆರಡಕ್ಕೆ ಮೀಟಿಂಗು, ಈಗ ಹತ್ತೂ ಇಪ್ಪತ್ತು ಆಗಿದೆ.

ಮೇಜಿನ ಮೇಲೆ ದೊಡ್ಡ ಸರ್ ಬರೆದಿಟ್ಟ ಚೀಟಿ, ಕೆಂಪು ಶಾಯಿ, ಹನ್ನೊಂದು — ಪ್ರಶ್ನೆಗೂ ಉತ್ತರಕ್ಕೂ ಸಂಬಂಧವಿಲ್ಲ, ಕೈಬಿಡಿ, ಮೀಟಿಂಗಿಗೆ ಮುಂಚೆ ಪಟ್ಟಿ ತಿದ್ದಿ ಕೊಡಿ, ನನಗೇ ಬರೆದದ್ದು, ಪಟ್ಟಿ ಟೈಪ್ ಮಾಡುವವಳು ನಾನಲ್ಲವೇ, ಒಂದು ಸಾಲು ಅಳಿಸಲು ಎಷ್ಟು ಹೊತ್ತು, ಬೆರಳು ಇಟ್ಟರೆ ಮುಗಿಯಿತು, ಹನ್ನೆರಡನೆಯವನು ಮೇಲೆ ಬಂದು ಹನ್ನೊಂದನೆಯವನಾಗುತ್ತಾನೆ, ಯಾರಿಗೂ ತಿಳಿಯುವುದಿಲ್ಲ — ಸಂಶೋಧನೆ ಅಂತ ಇವರು ಕರೆಯುವುದು ಇದನ್ನು, ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕಿರುವ ಇಪ್ಪತ್ತು ಜನ, ಎಲ್ಲರ ಮನಸ್ಸು ಓಡುವ ದಾರಿಯಲ್ಲಿ ಓಡದೆ ತಮ್ಮದೇ ದಾರಿ ಹಿಡಿದವರು, ಅವರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಕೆಲಸ ಹೇಗಿದೆ, ಏನು ಹಿತ, ಏನು ಕಷ್ಟ, ಇಲ್ಲೇ ಇರುತ್ತೀರಾ ಊರಾಚೆಯ ಹೊಸ ಘಟಕಕ್ಕೆ ಹೋಗುತ್ತೀರಾ ಅಂತ ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳುವುದು, ಇರುತ್ತೇನೆ ಅಂದವರನ್ನು ಆಸ್ಪತ್ರೆಯವರು ಇರಿಸಿಕೊಳ್ಳುತ್ತಾರೆ, ಬಾಯಿ ಬಿಟ್ಟು ಹೇಳದವರನ್ನು ವ್ಯಾನು ಹತ್ತಿಸಿ ಕಳಿಸುತ್ತಾರೆ, ಹಾಗಂತ ಆಸ್ಪತ್ರೆಯ ಜತೆಗಿನ ಒಪ್ಪಂದದ ಪತ್ರದಲ್ಲೇ ಇದೆ, ನಾನೇ ಟೈಪ್ ಮಾಡಿದ್ದು, ಆದ್ದರಿಂದ ಈ ಸಾಲು ಅಳಿಸಿದರೆ ಅವನನ್ನು ವ್ಯಾನು ಹತ್ತಿಸುವುದು ನನ್ನ ಬೆರಳು, ದೊಡ್ಡ ಸರ್ ಅಲ್ಲ. ಸರ್ ಕೆಟ್ಟವರಲ್ಲ, ಮೊನ್ನೆ ಟೀ ಕುಡಿಯುತ್ತ ನಾನು ಟೈಪ್ ಮಾಡಿಕೊಟ್ಟ ಹಾಳೆ ಓದಿ ನಕ್ಕರು, ನೋಡ್ರೀ ಇಲ್ಲಿ, ಮನೆಯಿಂದ ಹೇಗೆ ಬರ್ತೀರಿ ಅಂದ್ರೆ ಹನ್ನೆರಡು ವರ್ಷ ಅಂತಾನೆ, ಹನ್ನೆರಡು ವರ್ಷದಿಂದ ಬರ್ತಾನೇ ಇದ್ದಾನೋ, ಇನ್ನೂ ತಲುಪೇ ಇಲ್ವೋ, ಎಲ್ಲರೂ ನಕ್ಕರು, ನಾನೂ ನಕ್ಕೆ, ಟೀ ನೆತ್ತಿಗೇರುವಷ್ಟು ನಕ್ಕೆ. ಕರಡು ವರದಿಯಲ್ಲಿ ಇನ್ನೂ ಚೆನ್ನಾಗಿದೆ, ಖುಷಿ ಕೊಡುವ ಸಂಗತಿಗಳು ಅನ್ನುವ ತಲೆಬರಹದ ಕೆಳಗೆ ಹನ್ನೊಂದನೆಯವನ ಹೆಸರಿನಲ್ಲಿ ಟ್ಯೂಬ್‌ಲೈಟು ಅಂತ ಬರೆದಿದೆ, ಪಟಪಟ ಮಿನುಗುವ ಟ್ಯೂಬ್‌ಲೈಟು, ಅದರ ಪಕ್ಕದಲ್ಲಿ ಸರ್ ಬರೆದ ಟಿಪ್ಪಣಿ, ಕೆಲಸದ ಜಾಗದಲ್ಲಿ ಇಂಥ ದೀಪ ಇನ್ನಷ್ಟು ಹಾಕಿಸಬಹುದೇ ಅಂತ. ಅದನ್ನೂ ನಾನೇ ಟೈಪ್ ಮಾಡಿದ್ದೆ.

ಹೋದ ವಾರ ಟೈಪ್ ಮಾಡುವಾಗ ನನಗೆ ಗೊತ್ತಾಗಲಿಲ್ಲವಲ್ಲ, ನಿಯಮ ಹಾಗಿದೆ, ಕೆಮ್ಮು ಬಿಡಬೇಕು, ಅಂ ಉಂ ಬಿಡಬೇಕು, ಮೌನ ಬಿಡಬೇಕು, ಸ್ವಚ್ಛ ಪ್ರತಿ ಅನ್ನುತ್ತಾರೆ ಅದಕ್ಕೆ, ಗುಡಿಸಿ ಸಾರಿಸಿ ಕೊಟ್ಟೆ, ಮೌನವೆಲ್ಲ ಕಸದ ಜತೆ ಹೋಯಿತು, ಪ್ರಶ್ನೆಗೆ ಉತ್ತರ ಅಂಟಿಕೊಂಡು ಕೂತಿತು, ಇವತ್ತು ಬೆಳಿಗ್ಗೆ ಆ ಕೆಂಪು ಚೀಟಿ ನೋಡಿ, ಅಳಿಸುವ ಮುಂಚೆ ಒಂದು ಸಲ ಧ್ವನಿಯನ್ನಾದರೂ ಕೇಳೋಣ ಅಂತ ಹೆಡ್‌ಫೋನು ಹಾಕಿದೆ, ಹುಡುಗಿ ಕೇಳುತ್ತಾಳೆ, ಇಲ್ಲಿ ಎಷ್ಟು ವರ್ಷದಿಂದ ಕೆಲಸ ಮಾಡ್ತಿದ್ದೀರಿ, ಆಮೇಲೆ ದಾರ, ದಾರ, ಟಿಕ್ ಟಿಕ್, ಪಾಪ ಅವಳಿಗೆ ಮುಜುಗರ, ಹೋಗ್ಲಿ ಬಿಡಿ, ಬೆಳಿಗ್ಗೆ ಮನೆಯಿಂದ ಹೇಗೆ ಬರ್ತೀರಿ, ಆಗ ಅವನು, ಹನ್ನೆರಡು ವರ್ಷ. ಅವಳು, ಓ, ಸರಿ ಸರಿ, ಜತೆಗೆ ಕೆಲಸ ಮಾಡೋರೆಲ್ಲ ಹೇಗಿದ್ದಾರೆ. ಅವನು, ನಡ್ಕೊಂಡು. ಅವಳು, ಅಂದ್ರೆ, ನಿಮಗೆ ಇಲ್ಲಿ ಕಷ್ಟ ಅನ್ನಿಸೋದು ಏನಾದ್ರೂ ಇದೆಯಾ. ಅವನು, ಒಳ್ಳೆಯವರು, ದಪ್ಪಕ್ಕ ತಿಂಡಿ ಕೊಡ್ತಾರೆ. ಅವಳು, ಖುಷಿ ಯಾವುದ್ರಲ್ಲಿ ಸಿಗುತ್ತೆ. ಅವನು, ಟ್ಯೂಬ್‌ಲೈಟು, ಪಟಪಟ ಅನ್ನುತ್ತೆ, ತಲೆಯೊಳಗೆ ಅನ್ನುತ್ತೆ — ಅಲ್ಲಿ ನನ್ನ ಕಾಲು ಪೆಡಲಿನ ಮೇಲೆ ಹಾಗೇ ನಿಂತಿತು, ಹಳೇ ಚಪ್ಪಲಿಗೆ ಕತ್ತಲೆಯಲ್ಲೂ ಕಾಲು ತಾನಾಗಿ ತೂರಿಕೊಳ್ಳುತ್ತದಲ್ಲ ಹಾಗೆ ತಿಳಿಯಿತು ನನಗೆ, ಅಯ್ಯೋ ದೇವರೇ, ಇವನು ಹಿಂದಿನ ಪ್ರಶ್ನೆಗೆ ಉತ್ತರ ಹೇಳುತ್ತಿದ್ದಾನೆ, ಒಂದೂ ತಪ್ಪಿಲ್ಲ, ಒಂದೂ ಬಿಟ್ಟಿಲ್ಲ, ಎಲ್ಲ ಒಂದು ಮನೆ ಹಿಂದೆ, ಅಷ್ಟೇ. ಟ್ಯೂಬ್‌ಲೈಟು ಅವನ ಕಷ್ಟ, ಖುಷಿಯಲ್ಲ, ಆ ಸಂದರ್ಶನದ ಕೋಣೆಯಲ್ಲೂ ಒಂದು ಟ್ಯೂಬ್‌ಲೈಟು ಸಾಯುತ್ತ ಬದುಕುತ್ತ ಇದೆ, ಅದರ ಪಟಪಟ ರೆಕಾರ್ಡಿಂಗಿನಲ್ಲೇ ಕೇಳುತ್ತದೆ, ನಾನು ಅದನ್ನೂ ಗುಡಿಸಿ ಹಾಕಿದ್ದೆ. ಖುಷಿ ಯಾವುದರಲ್ಲಿ ಅಂದದ್ದಕ್ಕೆ ಉತ್ತರ ಅದರ ಮುಂದಿನ ಪ್ರಶ್ನೆಯ ಕೆಳಗೆ ಬೆಚ್ಚಗೆ ಕೂತಿದೆ, ಬಟ್ಟೆ ಬಿಸಿಬಿಸಿ ಬರುತ್ತೆ, ಕೈ ಇಟ್ಟರೆ ಹಾಗೇ ಇಡಬೇಕು ಅನ್ನಿಸುತ್ತೆ. ಕೊನೆಗೆ ಎರಡೇ ಉಳಿದವು, ಕಷ್ಟ ಆದಾಗ ಯಾರ ಹತ್ರ ಹೇಳ್ಕೊಳ್ತೀರಿ ಅಂತ ಒಂದು, ಇಲ್ಲೇ ಇರ್ತೀರಾ ಹೊಸ ಕಡೆ ಹೋಗ್ತೀರಾ ಅಂತ ಇನ್ನೊಂದು, ಆ ಇನ್ನೊಂದಕ್ಕೆ ಅವನು, ಯಾರ ಹತ್ರಾನೂ ಇಲ್ಲ, ಅನ್ನುತ್ತಾನೆ, ಹುಡುಗಿ ತುಂಬಾ ಥ್ಯಾಂಕ್ಸ್ ಅನ್ನುತ್ತಾಳೆ, ಕ್ಲಿಕ್, ರೆಕಾರ್ಡರು ಆಫ್. ಕೊನೆಯ ಪ್ರಶ್ನೆಗೆ ಉತ್ತರ ರೆಕಾರ್ಡಿಂಗಿನಲ್ಲಿ ಇಲ್ಲ.

ನೆನೆಹಾಕಬೇಕು ಕಣೇ, ಅನ್ನುತ್ತಿದ್ದಳು ಅಮ್ಮ, ನಿಮ್ಮಣ್ಣನ ಹತ್ರ ಪ್ರಶ್ನೆ ಕೇಳೋದಲ್ಲ, ನೆನೆಹಾಕೋದು, ಕಾಳು ನೆನೆಹಾಕಿ ಪಾತ್ರೆ ಮುಂದೆ ಯಾರಾದ್ರೂ ಕೂತ್ಕೋತಾರಾ, ಹೋಗಿ ನಿನ್ನ ಕೆಲಸ ನೋಡ್ಕೊ — ಹಾಗಾಗಿ ಬೆಳಿಗ್ಗೆ ಅಣ್ಣ ಹಲ್ಲುಜ್ಜುವಾಗಲೇ ಅಮ್ಮ ಒಂದು ಪ್ರಶ್ನೆ ಹಾಕಿಬಿಡುತ್ತಿದ್ದಳು, ಸಂಜೆಗೆ ನೀಲಿ ಅಂಗಿ ಹಾಕ್ತೀಯಾ ಬಿಳೀದಾ, ಹಾಕಿ ಅವನ ಮುಖ ಕೂಡ ನೋಡದೆ ಒಳಗೆ ಹೋಗುತ್ತಿದ್ದಳು, ಮುಖ ನೋಡಿದರೆ ಅವನಿಗೆ ಗಾಬರಿ, ಎರಡನೇ ಸಲ ಕೇಳಿದರೆ ಕೆಟ್ಟಿತು, ಮೊದಲಿನದೆಲ್ಲ ಚೆಲ್ಲಿ ಹೊಸದಾಗಿ ನೆನೆಯಬೇಕು, ನಾವೆಲ್ಲ ಅದಕ್ಕೆ ಎಷ್ಟು ಒಗ್ಗಿಹೋಗಿದ್ದೆವು ಅಂದರೆ ಊಟದ ನಡುವೆ ಅಣ್ಣ ಇದ್ದಕ್ಕಿದ್ದಂತೆ ನೀಲಿ ಅಂದರೆ ಯಾರೂ ತಲೆ ಎತ್ತುತ್ತಿರಲಿಲ್ಲ, ಅಮ್ಮ ಮಾತ್ರ ಆಯ್ತಪ್ಪ ಅಂದು ಬಡಿಸುವುದನ್ನು ಮುಂದುವರಿಸುತ್ತಿದ್ದಳು. ಮನೆಯ ಮುಂದಿನ ಕೋಣೆಯೇ ಅಪ್ಪನ ಬೈಂಡಿಂಗ್ ಅಂಗಡಿ, ಅಂಟು ಕುದಿಯುವ ವಾಸನೆ, ರಟ್ಟಿನ ವಾಸನೆ, ನಾನು ಶಾಲೆಯಿಂದ ಬಂದು ಬ್ಯಾಗು ಎಸೆದರೆ ಅದಕ್ಕೂ ಒಂದಿಷ್ಟು ರಟ್ಟಿನ ಚೂರು ಮೆತ್ತಿಕೊಳ್ಳುತ್ತಿತ್ತು, ಅಣ್ಣ ಕಿಟಕಿಯ ಕೆಳಗೆ ನೆಲದ ಮೇಲೆ ಕೂತಿರುತ್ತಿದ್ದ, ಮಡಚಿದ ಹಾಳೆಗಳ ಕಟ್ಟುಗಳನ್ನು ಕ್ರಮವಾಗಿ ಒಂದರ ಮೇಲೊಂದು ಸೇರಿಸುವುದು ಅವನ ಕೆಲಸ, ಸೇರಿಸಿದ ಮೇಲೆ ಅಂಚು ಸರಿಯಾಗಲಿ ಅಂತ ನೆಲಕ್ಕೆ ತಟ್ಟುವುದು, ಮೂರು ಸಲ, ಟಪ್ ಟಪ್ ಟಪ್, ಎರಡಲ್ಲ ನಾಲ್ಕಲ್ಲ, ಹೆಬ್ಬೆರಳು ಸವರಿಯೇ ಒಂದು ಕಟ್ಟು ಕಮ್ಮಿ ಇದೆ ಅಂತ ಅವನಿಗೆ ತಿಳಿಯುತ್ತಿತ್ತು, ಹೇಳುವುದು ಮಾತ್ರ ಅವನ ಪುರುಸೊತ್ತಿಗೆ. ಒಂದು ಸಲ ಯಾರದೋ ಪುಸ್ತಕಕ್ಕೆ ರಟ್ಟು ತಲೆಕೆಳಗಾಗಿ ಕೂತಿತ್ತು, ಎಲ್ಲ ಸರಿಯಾ ನೋಡೋ ಅಂತ ಅಪ್ಪ ಕೇಳಿದ, ಪುಸ್ತಕದವನು ಬಂದ, ತೆಗೆದುಕೊಂಡು ಹೋದ, ಬೀದಿಯ ಕೊನೆ ಮುಟ್ಟಿದ ಮೇಲೆ ಅಣ್ಣ, ತಲೆಕೆಳಗು, ಅಂದ, ಅಪ್ಪ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ಇನ್ನೊಂದನ್ನು ಕೈಯಲ್ಲಿ ಹಿಡಿದು ರೀ ಸ್ವಾಮಿ ರೀ ಸ್ವಾಮಿ ಅಂತ ಓಡಿದ್ದೇ ಓಡಿದ್ದು, ಅಮ್ಮ ಹೊಸ್ತಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಅವಳು ನಗುವುದು ನೋಡಿ ಅಣ್ಣನೂ ನಕ್ಕ, ಅರ್ಧ ಗಂಟೆ ಬಿಟ್ಟು. ಆ ನಗು ನನಗೆ ಈಗ ಬೇಕು ಅನ್ನಿಸುತ್ತಿದೆ, ಯಾವ ರೆಕಾರ್ಡಿಂಗಿನಲ್ಲೂ ಇಲ್ಲ ಅದು.

ಅಕ್ಕಾ, ಕರೆದ್ರಂತೆ — ಹುಡುಗಿ ಬಂದಳು, ಹೆಗಲಲ್ಲಿ ಚೀಲ, ಕೈಯಲ್ಲಿ ಅದೇ ಪೆನ್ನು, ಕೂತ್ಕೊಳ್ಳಿ ಮೇಡಂ, ಒಂದು ತೋರಿಸ್ತೀನಿ, ಬೈಬೇಡಿ, ಎರಡು ಸಾಲು ಮಾಡಿ ಇಟ್ಟಿದ್ದೇನೆ ಪರದೆಯಲ್ಲಿ, ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, ಉತ್ತರಗಳನ್ನೆಲ್ಲ ಒಂದೊಂದು ಮನೆ ಮೇಲಕ್ಕೆ ಸರಿಸಿದೆ, ಬೇರೆ ಏನೂ ಮುಟ್ಟಿಲ್ಲ, ಅವಳು ಓದುತ್ತಾಳೆ, ತುಟಿ ಅಲ್ಲಾಡುತ್ತದೆ, ಎಷ್ಟು ವರ್ಷ, ಹನ್ನೆರಡು ವರ್ಷ, ಹೇಗೆ ಬರ್ತೀರಿ, ನಡ್ಕೊಂಡು, ಪೆನ್ನಿನ ಟಿಕ್ ನಿಂತಿದೆ, ಕಷ್ಟ ಏನು, ಟ್ಯೂಬ್‌ಲೈಟು, ಅಲ್ಲಿಗೆ ಬಂದವಳು ಕೈ ಬಾಯಿಗೆ ಇಟ್ಟುಕೊಂಡಳು, ಅಯ್ಯೋ ಅಕ್ಕ, ನಾನು ಅವರನ್ನ ಅದೇ ಟ್ಯೂಬ್‌ಲೈಟ್ ಕೆಳಗೆ ಕೂರಿಸಿದ್ದೆ, ಅಂದಳು. ನನಗೆ ಅವಳನ್ನು ಬೈಯಬೇಕು ಅನ್ನಿಸಲಿಲ್ಲ, ತಲೆ ಸವರಬೇಕು ಅನ್ನಿಸಿತು, ನೀವೊಬ್ಬರೇ ಅಲ್ಲ ಮೇಡಂ, ಟೈಪ್ ಮಾಡುವಾಗ ನನಗೂ ಕಾಣ್ಲಿಲ್ಲ, ಈಗ ಕೊನೇ ಪ್ರಶ್ನೆ ನೋಡಿ, ಇಲ್ಲೇ ಇರ್ತೀರಾ ಹೋಗ್ತೀರಾ, ಅದರ ಎದುರಿಗೆ ಖಾಲಿ, ನೀವು ರೆಕಾರ್ಡರ್ ಆಫ್ ಮಾಡಿದ್ರಿ, ಆಮೇಲೆ ಅವನು ಏನಾದ್ರೂ ಹೇಳಿದ್ನಾ, ಜ್ಞಾಪಿಸ್ಕೊಳ್ಳಿ. ಅವಳು ಕಣ್ಣು ಮುಚ್ಚಿದಳು. ಲಿಫ್ಟಿನ ತನಕ ಬಿಡೋಕೆ ಹೋಗಿದ್ದೆ, ಅಂದಳು, ಲಿಫ್ಟ್ ಬಂತು, ಒಳಗೆ ಹೋದ್ರು, ಬಾಗಿಲು ಮುಚ್ಕೊಳ್ತಾ ಇತ್ತು, ಏನೋ ಹೇಳಿದ್ರು ಅಕ್ಕ, ಬಾಯಿ ಆಡ್ತು, ನಾನು ಬೈ ಹೇಳ್ತಿದ್ದಾರೆ ಅಂದ್ಕೊಂಡು ಕೈ ಬೀಸಿದೆ. ಕೈ ಬೀಸಿದೆ — ಮುಚ್ಚಿಕೊಳ್ಳುವ ಬಾಗಿಲು, ಗಾಜು, ಗಾಜಿನ ಮೇಲೆ ಅಂಗೈಯಗಲ — ಬೇಡ, ಅದು ಈಗ ಬೇಡ, ಹನ್ನೊಂದೂ ಹತ್ತು ಆಗಿದೆ. ಫೋನ್ ಮಾಡ್ಲಾ ಈಗಲೇ, ಅಂತ ಎದ್ದಳು, ಫೋನ್ ಬೇಡ ಮೇಡಂ, ಫೋನಿನಲ್ಲಿ ಗಾಬರಿ ಆಗುತ್ತೆ, ಚೀಟಿ ಬರೀರಿ, ಅದೊಂದೇ ಪ್ರಶ್ನೆ, ದೊಡ್ಡ ಅಕ್ಷರದಲ್ಲಿ, ಉತ್ತರ ಯಾವಾಗ ಬೇಕಾದ್ರೂ ಕೊಡಿ, ಬರೆದಾದ್ರೂ ಕೊಡಿ ಹೇಳಾದ್ರೂ ಕೊಡಿ ಅಂತ ಬರೀರಿ, ಆ ದಪ್ಪಕ್ಕ ಇದ್ದಾರಲ್ಲ ತಿಂಡಿ ಕೊಡೋರು, ಅವರ ಕೈಗೆ ಕೊಟ್ಟು ಬನ್ನಿ, ಅವನ ಮುಂದೆ ನಿಂತ್ಕೋಬೇಡಿ. ಹುಡುಗಿ ಒಂದೊಂದಕ್ಕೂ ತಲೆಯಾಡಿಸುತ್ತ ಬರೆದುಕೊಂಡಳು.

ಸರ್ ಒಪ್ಪುತ್ತಾರಾ, ಹುಡುಗಿ ಅವರ ಕೋಣೆಗೆ ಹೋಗಿದ್ದಾಳೆ, ನಾನು ಇಲ್ಲಿ ಕೂತು ಕೀಬೋರ್ಡಿನ ಧೂಳು ಒರೆಸುತ್ತಿದ್ದೇನೆ, ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದೇನೆ, ಐವತ್ತನಾಲ್ಕು ವರ್ಷದ ಹೆಂಗಸಿಗೆ ಇದೇನು ಪರೀಕ್ಷೆ ಬರೆಯುವ ಹುಡುಗಿಯ ಪಾಡು, ಅಮ್ಮ ಇದ್ದಿದ್ದರೆ ನೇರ ಹೋಗಿ ಅವರ ಮೇಜಿನ ಮುಂದೆ ನಿಲ್ಲುತ್ತಿದ್ದಳು, ಅಮ್ಮ ಎಲ್ಲ ಕಡೆ ನಿಲ್ಲುತ್ತಿದ್ದಳು, ಶಾಲೆಯಲ್ಲಿ ಮೇಷ್ಟರ ಮುಂದೆ ನಿಂತಿದ್ದಳು, ನನ್ನ ಮಗ ದಡ್ಡ ಅಲ್ಲ ಸಾರ್, ನಿಮ್ಮ ಗಡಿಯಾರ ಅವಸರದ್ದು ಅಂದಿದ್ದಳು, ಅವಳೇ ಹೋಗಿಬಿಟ್ಟಳು, ನನಗೆ ಹನ್ನೊಂದು ತುಂಬಿದ ವರ್ಷ, ಮೂರು ದಿನದ ಜ್ವರ, ಅಲ್ಲಿಗೆ ಮನೆಯಲ್ಲಿ ಪ್ರಶ್ನೆ ನೆನೆಹಾಕುವವರು ಯಾರೂ ಉಳಿಯಲಿಲ್ಲ. ಅಪ್ಪ ಕೇಳಿದ್ದನ್ನೇ ಮೂರು ಮೂರು ಸಲ ಕೇಳುವನು, ಅಣ್ಣ ಕಿವಿ ಮುಚ್ಚಿಕೊಳ್ಳುವನು, ಚಿಕ್ಕಪ್ಪ ಬಂದು ಇಂಥವರಿಗಾಗಿಯೇ ಒಂದು ಒಳ್ಳೆ ಕಡೆ ಇದೆ ಕಣೋ, ಊಟ ವಸತಿ ಎಲ್ಲ ಅಲ್ಲೇ, ನೀನೊಬ್ಬ ಎಷ್ಟು ದಿನ ಅಂತ ಏಗ್ತೀಯಾ ಅಂದ, ಸೇರಿಸಬೇಕಾದರೆ ಒಬ್ಬ ಅಧಿಕಾರಿ ಹುಡುಗನನ್ನೇ ಕೂರಿಸಿ ಕೇಳಬೇಕು, ಹುಡುಗನ ಇಚ್ಛೆ ಅಂತ ಒಂದು ಸಾಲು ತುಂಬಬೇಕು, ಅಣ್ಣನಿಗೆ ಹದಿನಾರು, ನನಗೆ ಹನ್ನೆರಡು, ಮಗಳೂ ಬರಲಿ, ಅವನ ಭಾಷೆ ಇವಳಿಗೇ ಗೊತ್ತಾಗೋದು, ಅಂತ ಅಪ್ಪನೇ ನನ್ನನ್ನು ಕರೆದುಕೊಂಡು ಹೋದ. ಅಧಿಕಾರಿ ಆರು ಪ್ರಶ್ನೆ ಕೇಳಿದರು, ಒಳ್ಳೆಯ ಮನುಷ್ಯ, ಮೃದುವಾಗಿಯೇ ಕೇಳಿದರು, ನಿನ್ನ ಹೆಸರೇನು, ಅಣ್ಣ ಸುಮ್ಮನೆ, ವಯಸ್ಸೆಷ್ಟು ಅಂದಾಗ ಹೆಸರು ಹೇಳಿದ, ನಾನು ಪಕ್ಕದಲ್ಲಿ ಕೂತು ಒಂದೊಂದೂ ಸರಿಯಾಗಿ ಕೇಳಿಸಿಕೊಳ್ಳುತ್ತಿದ್ದೆ, ನನಗೆ ಎಲ್ಲ ಗೊತ್ತಾಗುತ್ತಿತ್ತು, ಸಾರ್ ಅವನು ಹಿಂದಿನದಕ್ಕೆ ಹೇಳ್ತಿದ್ದಾನೆ ಅನ್ನಲು ನಾಲಿಗೆಯ ತುದಿಗೆ ಬಂದಿತ್ತು, ಕೊನೆಗೆ ಅವರು, ಮನೇಲೇ ಇರ್ತೀಯಾ, ಅಲ್ಲಿಗೆ ಹೋಗ್ತೀಯಾ ಅಂದರು, ಅಣ್ಣ, ಹಳದಿ, ಅಂದ, ಐದನೇ ಪ್ರಶ್ನೆ ಯಾವ ಬಣ್ಣ ಇಷ್ಟ ಅಂತ, ಅಧಿಕಾರಿ ಅಪ್ಪನ ಮುಖ ನೋಡಿ ನಿಟ್ಟುಸಿರು ಬಿಟ್ಟು ಬರೆದರು, ಎದುರಿಗೆ ಕೂತು ತಲೆಕೆಳಗಾಗಿಯೇ ಓದಿದೆ ನಾನು, ಇಚ್ಛೆ ತಿಳಿದುಬರಲಿಲ್ಲ. ನಾನು ಬಾಯಿ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಅಂತ ನನಗೆ ಗೊತ್ತು, ಯಾರಿಗೂ ಹೇಳಿಲ್ಲ ಅಷ್ಟೇ, ಒಂದು ದಿನವಾದರೂ ನನ್ನ ಗೆಳತಿಯರನ್ನು ಮನೆಗೆ ಕರೆಯಬೇಕು, ಅವರ ಮುಂದೆ ಯಾರೂ ಇದ್ದಕ್ಕಿದ್ದಂತೆ ನೀಲಿ ಅನ್ನಬಾರದು ಅಂತ ನನಗೆ ಆಸೆಯಿತ್ತು. ಇಪ್ಪತ್ತೆರಡು ವರ್ಷ ಅಲ್ಲಿದ್ದ ಅಣ್ಣ, ಅಲ್ಲೇ ತೀರಿಕೊಂಡ, ಅವರು ಚೆನ್ನಾಗಿಯೇ ನೋಡಿಕೊಂಡರು, ಸುಳ್ಳು ಯಾಕೆ ಹೇಳಲಿ, ಆದರೆ ಅಲ್ಲಿ ಅವನ ಕೈಗೆ ಹಾಳೆ ಕೊಡುವವರಿರಲಿಲ್ಲ, ನಾನು ನೋಡಲು ಹೋದರೆ ನನ್ನ ಕರ್ಚೀಫು ಇಸಿದುಕೊಂಡು ಎಂಟು ಮಡಿಕೆ ಮಾಡಿ ಮೇಜಿಗೆ ತಟ್ಟುತ್ತಿದ್ದ, ಟಪ್ ಟಪ್ ಟಪ್, ಬಟ್ಟೆ, ಸದ್ದೇ ಬರುತ್ತಿರಲಿಲ್ಲ. ನಾನು ಗೆಳತಿಯರನ್ನು ಮನೆಗೆ ಕರೆದದ್ದು ಒಂದೇ ಸಲ.

ಏನ್ರೀ, ಟೈಪ್ ಮಾಡೋದು ಬಿಟ್ಟು ಸಂಶೋಧನೆಗೆ ಇಳಿದುಬಿಟ್ರಾ — ಸರ್ ಬಂದು ನಿಂತಿದ್ದಾರೆ, ಕನ್ನಡಕ ಹಣೆಯ ಮೇಲೆ, ಕೈಯಲ್ಲಿ ನನ್ನ ಎರಡು ಸಾಲಿನ ಹಾಳೆ, ಹಿಂದೆ ಹುಡುಗಿ, ಸಿಟ್ಟೋ ತಮಾಷೆಯೋ ಗೊತ್ತಾಗುತ್ತಿಲ್ಲ, ಎದ್ದು ನಿಂತೆ, ತಪ್ಪಾಗಿದ್ರೆ ಹೇಳಿ ಸರ್, ಅಂದೆ, ಅವರು, ತಪ್ಪು ಒಪ್ಪು ಬೇರೆ ವಿಷಯ, ಹತ್ತೊಂಬತ್ತು ಜನಕ್ಕೆ ಒಂದು ಥರ ಕೇಳಿ ಒಬ್ಬನಿಗೆ ಮಾತ್ರ ಚೀಟಿ ಕಳ್ಸಿ ಕಾಯ್ತಾ ಕೂತ್ರೆ ಅದು ಅಧ್ಯಯನ ಅನ್ನಿಸ್ಕೊಳ್ಳುತ್ತಾ, ಎಲ್ಲರಿಗೂ ಒಂದೇ ಅಳತೆ ಇರ್ಬೇಕು, ಅಂದರು, ನನ್ನ ಬಾಯಿಂದ ಅದು ಹೇಗೆ ಬಂತೋ, ಎಲ್ಲರಿಗೂ ಒಂದೇ ಅಳತೆ ಚಪ್ಪಲಿ ಕೊಟ್ಟು, ಆಮೇಲೆ ಇವನ ಕಾಲೇ ಸರಿಯಿಲ್ಲ ಅಂದ ಹಾಗಾಯ್ತಲ್ಲ ಸರ್, ಅಂದುಬಿಟ್ಟೆ, ಅಂದ ಮೇಲೆ ಕಿವಿ ಬಿಸಿಯಾಯಿತು, ಸರ್ ಕನ್ನಡಕ ಇಳಿಸಿಕೊಂಡು ಹಾಳೆಯನ್ನು ಇನ್ನೊಂದು ಸಲ ಓದಿದರು, ಟ್ಯೂಬ್‌ಲೈಟಿನ ಹತ್ತಿರ ಬೆರಳು ನಿಂತಿತು, ನಾನು ಇನ್ನಷ್ಟು ಹಾಕ್ಸಿ ಅಂತ ಬರೆದಿದ್ದೆನಲ್ರೀ, ಅಂದರು ಮೆಲ್ಲಗೆ, ನಗಲಿಲ್ಲ. ಹನ್ನೊಂದನ್ನ ಅಳಿಸ್ಬೇಡಿ, ಆಸ್ಪತ್ರೆಯವರಿಗೆ ಶುಕ್ರವಾರದವರೆಗೆ ಟೈಮ್ ಕೇಳ್ತೀನಿ, ಉಳಿದ ಹತ್ತೊಂಬತ್ತನ್ನೂ ಒಂದು ಸಲ ಮೌನದ ಸಮೇತ ಕೇಳಿ, ಇನ್ನೆಷ್ಟು ಜನರ ಮಾತು ಎಲ್ಲೆಲ್ಲಿ ಹೋಗಿ ಕೂತಿದೆಯೋ, ಆದ್ರೆ ಒಂದು, ಇದನ್ನ ವರದೀಲಿ ಬರೀಬೇಕು ಅಂದ್ರೆ ಆಧಾರ ಬೇಕು, ಟೈಪ್ ಮಾಡೋರಿಗೆ ಹಾಗನ್ನಿಸ್ತು ಅಂತ ಬರೆಯೋಕಾಗಲ್ಲ, ನಿಮಗೆ ಇದು ಹೇಗೆ ಗೊತ್ತಾಯ್ತು ಅಂತ ಇವಳ ಹತ್ರ ಹೇಳಿ, ಅವಳು ದಾಖಲೆ ಮಾಡ್ಕೊಳ್ಲಿ, ಅಂದು ಹೊರಟರು. ಸರ್ ಕೋಣೆಗೆ ಹೋಗುವ ಮುಂಚೆಯೇ ಹುಡುಗಿ ಆಸ್ಪತ್ರೆಗೆ ಹೋಗಿ ಚೀಟಿ ಕೊಟ್ಟು ಬಂದಿದ್ದಳಂತೆ, ದಪ್ಪಕ್ಕ ಕೈಗೆ ಇಸಿದುಕೊಂಡು ಏನೂ ಕೇಳದೆ ಏಪ್ರನ್ನಿನ ಜೇಬಿಗೆ ಇಟ್ಟುಕೊಂಡರಂತೆ.

ಈಗ ಹುಡುಗಿ ಕಿಟಕಿಯ ಪಕ್ಕ ಎರಡು ಕುರ್ಚಿ ಹಾಕಿದ್ದಾಳೆ, ಎದುರುಬದುರು ಅಲ್ಲ, ಪಕ್ಕಪಕ್ಕ, ಟ್ಯೂಬ್‌ಲೈಟು ಆರಿಸಿದ್ದಾಳೆ, ಹಗಲು ಬೆಳಕೇ ಸಾಕಷ್ಟಿದೆ, ರೆಕಾರ್ಡರನ್ನು ನಮ್ಮಿಬ್ಬರ ನಡುವೆ ಇಟ್ಟು ಒತ್ತಿದಳು, ಸಣ್ಣ ಕೆಂಪು ಚುಕ್ಕೆ ಹೊತ್ತಿಕೊಂಡಿತು, ಇಪ್ಪತ್ತಾರು ವರ್ಷದಲ್ಲಿ ಈ ಚುಕ್ಕೆಯ ಈಚೆ ಬದಿಗೆ ನಾನು ಕೂತದ್ದೇ ಇಲ್ಲ, ಅಕ್ಕ, ನಿಮಗೆ ಹೇಗೆ ಗೊತ್ತಾಯ್ತು, ಅಂದಳು, ಅಂದು ಪೆನ್ನನ್ನು ಚೀಲದೊಳಗೆ ಹಾಕಿ ಜಿಪ್ಪು ಎಳೆದು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು, ನನ್ನ ಮುಖ ನೋಡುತ್ತಿಲ್ಲ, ಎರಡನೇ ಸಲ ಕೇಳುತ್ತಿಲ್ಲ, ಭಲೇ ಹುಡುಗಿ, ಎಷ್ಟು ಬೇಗ ಕಲಿತಳು — ಹೇಳಬೇಕು, ನನಗೊಬ್ಬ ಅಣ್ಣ ಇದ್ದ ಅಂತ ಶುರುಮಾಡಬೇಕು, ಎಲ್ಲೋ ಪರದೆಯ ಮೇಲೆ ನನ್ನ ಗೆರೆ ದಾರವಾಗಿ ಎಳೆದುಕೊಂಡು ಹೋಗುತ್ತಿರಬೇಕು, ಅಧಿಕಾರಿಯ ಕೋಣೆಯಿಂದ ಅಪ್ಪ ಮೊದಲು ಹೊರಬಂದ, ಆಮೇಲೆ ನಾನು, ಆಮೇಲೆ ಅಣ್ಣ, ಅದು ಗಾಜಿನ ಬಾಗಿಲು, ಒಳಗಡೆ ಹಸಿರು ಪರದೆ ಬಿಟ್ಟಿತ್ತು, ಬಾಗಿಲು ತಾನಾಗಿ ಮೆಲ್ಲಗೆ ಮುಚ್ಚಿಕೊಂಡಿತು, ಅಪ್ಪ ಮೆಟ್ಟಿಲ ಹತ್ತಿರ ತಲುಪಿದ್ದ, ಬಸ್ಸಿಗೆ ಹೊತ್ತಾಗುತ್ತೆ ಬನ್ನಿ ಅನ್ನುತ್ತಿದ್ದ, ತಿರುಗಿ ನೋಡಿದರೆ ಅಣ್ಣ ಮುಚ್ಚಿದ ಬಾಗಿಲಿನ ಕಡೆ ಮುಖ ಮಾಡಿ ನಿಂತಿದ್ದಾನೆ, ಮೂಗು ಗಾಜಿಗೆ ತಾಗುವಷ್ಟು ಹತ್ತಿರ, ಕೈ ಎರಡೂ ಪಕ್ಕಕ್ಕೆ ನೀಟಾಗಿ ಇಳಿಬಿಟ್ಟು, ಶಾಲೆಯಲ್ಲಿ ಮೇಷ್ಟರು ಕಲಿಸಿದ ಹಾಗೆ, ದೊಡ್ಡವರ ಮುಂದೆ ಮಾತಾಡುವಾಗ ನಿಲ್ಲುವ ಹಾಗೆ ನಿಂತು, ಮನೇಲೇ ಇರ್ತೀನಿ, ಅಂದ, ನಾಳೆ ಹದಿನಾರು ಪುಸ್ತಕ ಹೊಲಿಯೋದಿದೆ, ಅಂದ, ಅಷ್ಟು ಸ್ಪಷ್ಟವಾಗಿ, ಒಂದಕ್ಷರ ತೊದಲದೆ, ಕೇಳಿಸಿಕೊಂಡವಳು ಪ್ರಪಂಚದಲ್ಲಿ ನಾನೊಬ್ಬಳೇ, ಬಾಗಿಲು ತಳ್ಳಿದ್ದರೆ ಸಾಕಿತ್ತು, ಒಂದು ಕೈಯಲ್ಲಿ ತಳ್ಳಿದ್ದರೆ ಸಾಕಿತ್ತು, ನಾನು ಅವನ ಅಂಗಿಯ ತೋಳು ಹಿಡಿದು ಎಳೆದೆ, ಬಾರೋ, ಅಂದೆ, ಅವನು ಬಂದ, ನಾನು ಮತ್ತೆ ತಿರುಗಿ ನೋಡಿದೆ, ಗಾಜಿನ ಮೇಲೆ, ಅವನ ಬಾಯಿಯ ಎತ್ತರಕ್ಕೆ, ಅಂಗೈಯಗಲ ಉಸಿರು ಮಂಜಾಗಿ ಕೂತಿತ್ತು, ಅಂಚಿನಿಂದ ಸಣ್ಣದಾಗುತ್ತ ಬರುತ್ತಿತ್ತು, ಗಾಜಿನ ಮೇಲೆ ಉಸಿರು, ಅಂಗೈಯಗಲ, ಗಾಜಿನ ಮೇಲೆ ಅಣ್ಣನ ಉಸಿರು —